ನಾಲ್ಕು ಗಂಟೆಗೆ ಎದ್ದರೆ ಮಾತ್ರ ಒಳ್ಳೆಯ ಅಮ್ಮನೇ?

ಒಳ್ಳೆಯ ಕ್ರೈಸ್ತ ತಾಯಿಯಾದವಳು ಬೆಳಗ್ಗೆ ನಾಲ್ಕಕ್ಕೇ ಎದ್ದು ಪ್ರಾರ್ಥಿಸಬೇಕಂತೆ. ಧ್ಯಾನಕೂಟದಲ್ಲಿ ಕೇಳಿದ್ದ ಈ ಉಪದೇಶ ಈಗ ವಾಟ್ಸಾಪಿನಲ್ಲೂ ಧಾರಾಳವಾಗಿ ಬರುತ್ತಿದೆ. ಹೇಳುವವರಿಗೆ ಖರ್ಚಿಲ್ಲ. ನಾವಂತೂ ಇದನ್ನು ಒಪ್ಪುವುದಿಲ್ಲ.

ನಮ್ಮ ಕಾಸರಗೋಡಿನ ಕಥೆಯನ್ನೇ ನೋಡಿ. 1890ರಷ್ಟು ಹಳೆಯ ಬೇಳದ ಇಗರ್ಜಿ ಇಂದಿಗೂ ಮಂಗಳೂರು ಧರ್ಮಪ್ರಾಂತ್ಯಕ್ಕೆ ಸೇರಿದ್ದು. ಇಲ್ಲಿನ ಕೆಥೊಲಿಕ್ ಮನೆಗಳಲ್ಲಿ ಮಾತು ಕೊಂಕಣಿ, ಮಕ್ಕಳ ಓದು ಕನ್ನಡ. ಸಂಜೆ ಜಪಸರ, ಆಮೇಲೆ ಊಟ, ಮಕ್ಕಳ ಪಾಠ, ಪಾತ್ರೆ, ನಾಳೆಯ ದೋಸೆಗೆ ಅರೆಯುವುದು, ಕೆಲವರಿಗೆ ಉಳಿದ ಬೀಡಿ ಕಟ್ಟುವುದು. ತಾಯಿ ಮಲಗುವಾಗ ಹನ್ನೊಂದು. ನಾಲ್ಕಕ್ಕೆ ಎದ್ದರೆ ಸಿಕ್ಕಿದ್ದು ಐದೇ ಗಂಟೆ. ದೊಡ್ಡವರಿಗೆ ಕನಿಷ್ಠ 7 ಗಂಟೆ ನಿದ್ದೆ ಬೇಕೆಂದು ವೈದ್ಯರು ಹೇಳುತ್ತಾರೆ. ದಿನಕ್ಕೆ ಎರಡು, ವಾರಕ್ಕೆ ಹದಿನಾಲ್ಕು ಗಂಟೆ ಸಾಲ! ಇದನ್ನು ತೀರಿಸುವವರು ಯಾರು? ಬೆಳಗ್ಗೆ ಬೈಗುಳ ತಿಂದು, ಮುಖ ಬಾಡಿಸಿಕೊಂಡು ನಮ್ಮ ತರಗತಿಗೆ ಬರುವ ಮಗು.

ಉಪದೇಶಕರು ಜ್ಞಾನೋಕ್ತಿಗಳ 31ನೆಯ ಅಧ್ಯಾಯ ತೋರಿಸುತ್ತಾರೆ. ಆ ಗುಣವತಿ ಇನ್ನೂ ಕತ್ತಲಿರುವಾಗಲೇ ಏಳುತ್ತಾಳೆ, ನಿಜ. ಆದರೆ ಅದೇ 15ನೆಯ ವಚನದಲ್ಲಿ ಅವಳ ಮನೆಯ ದಾಸಿಯರೂ ಇದ್ದಾರಲ್ಲ! ನಮ್ಮ ಯಾವ ಅಮ್ಮನಿಗೆ ದಾಸಿಯರಿದ್ದಾರೆ? ಮುಂದೆ 18ನೆಯ ವಚನದಲ್ಲಿ ಅವಳ ದೀಪ ರಾತ್ರಿ ಆರುವುದೇ ಇಲ್ಲ. ಎರಡನ್ನೂ ಅಕ್ಷರಶಃ ಹಿಡಿದರೆ ಆ ಹೆಂಗಸು ಮಲಗುವಂತೆಯೇ ಇಲ್ಲ.

ಅದೇ ಬೈಬಲಿನ 127ನೆಯ ಕೀರ್ತನೆ, ಬೇಗ ಎದ್ದು ತಡವಾಗಿ ಮಲಗಿ ದುಡಿಯುವುದು ವ್ಯರ್ಥ, ನಿದ್ದೆ ದೇವರ ಕೊಡುಗೆ ಎನ್ನುತ್ತದೆ. ಯೇಸು ಮುಂಜಾನೆ ಎದ್ದು ಪ್ರಾರ್ಥಿಸಿದ್ದನ್ನು ಬರೆದ ಮಾರ್ಕನೇ, ಬಿರುಗಾಳಿಯ ನಡುವೆ ಅವರು ದೋಣಿಯಲ್ಲಿ ನಿದ್ರಿಸಿದ್ದನ್ನೂ, ದಣಿದ ಶಿಷ್ಯರನ್ನು ವಿಶ್ರಾಂತಿಗೆ ಕರೆದದ್ದನ್ನೂ ಬರೆದಿದ್ದಾನೆ. ಇವು ಉಪದೇಶದಲ್ಲಿ ಯಾಕೆ ಬರುವುದಿಲ್ಲ?

ಹಾಗಾದರೆ ಏಳುವುದು ಎಷ್ಟು ಗಂಟೆಗೆ? ಮಲಗುವ ಹೊತ್ತಿನಿಂದ ಏಳು ಗಂಟೆ ಎಣಿಸಿ. ಹನ್ನೊಂದಕ್ಕೆ ಮಲಗಿದವರಿಗೆ ಆರು. 2025ರಿಂದ ಕೇರಳದ ಹೈಸ್ಕೂಲುಗಳು 9.45ಕ್ಕೆ ಶುರುವಾಗುತ್ತವೆ. ಒಂಬತ್ತಕ್ಕೆ ಮಗು ಹೊರಟರೂ ಮೂರು ಗಂಟೆ ಸಿಕ್ಕಿತು. ಹತ್ತು ನಿಮಿಷದ ಪ್ರಾರ್ಥನೆ, ತಿಂಡಿ, ಬುತ್ತಿ ಎಲ್ಲ ಅದರಲ್ಲಿ ಆಗುತ್ತದೆ. ಬಸ್ಸು ಬೇಗ ಇದ್ದರೆ ಐದೂವರೆಗೆ ಏಳಿ, ಆದರೆ ಹತ್ತೂವರೆಗೆ ದೀಪ ಆರಿಸಿ. ಎದೆಹಾಲು ಕುಡಿಯುವ ಕೂಸಿದ್ದರೆ ಅಲಾರಾಂ ಬೇಡವೇ ಬೇಡ, ಕೂಸು ಮಲಗಿದಾಗ ಮಲಗಿ.

ದೀಪ ಬೇಗ ಆರಬೇಕಾದರೆ ಮನೆಯವರೂ ಕೈಹಾಕಬೇಕು. ಪಾತ್ರೆ ಅಪ್ಪನೂ ತೊಳೆಯಲಿ. ನಾಲ್ಕು ಗಂಟೆ ಅಷ್ಟು ಪವಿತ್ರವಾದರೆ ಅದು ಅಪ್ಪನಿಗೂ ಪವಿತ್ರವೇ ಅಲ್ಲವೇ? ಶಾಲೆಯೂ ರಾತ್ರಿ ಹತ್ತಕ್ಕೆ ಚಾರ್ಟ್ ಪೇಪರ್ ಹುಡುಕಿಸುವ ಕೆಲಸ ಕೊಡಬಾರದು.

ಅಮ್ಮಂದಿರೇ, ನಿಮ್ಮ ಭಕ್ತಿಯನ್ನು ಗಡಿಯಾರದಿಂದ ಅಳೆಯುವವರಿಗೆ ನೀವು ಎಷ್ಟು ಗಂಟೆಗೆ ಮಲಗುತ್ತೀರೆಂದು ಮೊದಲು ಹೇಳಿ. ಆಮೇಲೂ ಅವರು ನಾಲ್ಕೇ ಎಂದರೆ, ಅರೆಯುವ ಕೆಲಸ ಅವರಿಗೇ ಬಿಡಿ. ಏನಂತೀರಿ?