ಕೂಡಿ ಮಾಡಿದ ಕೆಲಸಕ್ಕೆ ಯಾರ ಹೆಸರು?

ಕಳೆದ ವರುಷ ನಮ್ಮ ಒಂಬತ್ತನೆಯ ತರಗತಿಯ ನಾಲ್ವರು ಹುಡುಗಿಯರು ಶಾಲೆಯ ತೋಟದ ಗಿಡಗಳನ್ನೆಲ್ಲಾ ಎಣಿಸಿ ಒಂದು ಪಟವನ್ನು ತಯಾರಿಸಿದರು. ಅದರ ಕೆಳಗೆ ಅಕ್ಷರ ದುಂಡಾಗಿದ್ದವಳ ಹೆಸರು ಮಾತ್ರ ಕಾಣಿಸಿತು. ವಿಚಾರಿಸಲಾಗಿ ಮಿಕ್ಕವರು, "ನಾವು ಎಣಿಸಿಕೊಟ್ಟೆವಷ್ಟೆ, ಟೀಚರ್" ಎಂದರು. ಎಣಿಸುವದು ಅಷ್ಟು ಅಲ್ಪವಾದ ಕೆಲಸವೋ?

ತಲಶ್ಶೇರಿಯಲ್ಲಿ 1897 ರಲ್ಲಿ ಹುಟ್ಟಿದ ಈ. ಕೆ. ಜಾನಕಿ ಅಮ್ಮಾಳ್ ಅವರು ಅಮೇರಿಕದ ಮಿಶಿಗನ್ ವಿಶ್ವವಿದ್ಯಾನಿಲಯದಲ್ಲಿ ಡಾಕ್ಟರ್ ಪದವಿಯನ್ನು ಪಡೆದು ಬಂದು, ಕೊಯಮುತ್ತೂರಿನಲ್ಲಿ ಕಬ್ಬಿನ ವರ್ಣತಂತುಗಳನ್ನು ಎಣಿಸಿದರು. ವರ್ಣತಂತುಗಳೆಂದರೆ ತಾಯಿಗಿಡದ ಗುಣಗಳನ್ನು ಮರಿಗಿಡಕ್ಕೆ ಒಯ್ಯುವ, ಜೀವಕೋಶದೊಳಗಿನ ಎಳೆಗಳು. ಮೆಕ್ಕೆಜೋಳದಲ್ಲಿ ಇವು 20. ಕಬ್ಬಿನ ಕಾಡುಜಾತಿಯಲ್ಲಾದರೋ 40 ರಿಂದ 128 ರ ವರೆಗೂ ಉಂಟು. ಸೂಕ್ಷ್ಮದರ್ಶಕದ ಕೆಳಗೆ ಒಂದರ ಮೇಲೊಂದು ಬಿದ್ದಿರುವ ಇಂಥ ಎಳೆಗಳನ್ನು ತಪ್ಪಿಲ್ಲದೆ ಎಣಿಸಲು ಎಷ್ಟು ತಾಳ್ಮೆ ಬೇಕೆಂಬದನ್ನು ಹೊಲಿಗೆ ಬಲ್ಲ ನಮ್ಮ ಹುಡುಗಿಯರು ಊಹಿಸಬಲ್ಲರು.

1939 ರಲ್ಲಿ ಅವರು ಎಡಿನ್‌ಬರೋ ನಗರದ ತಳಿಶಾಸ್ತ್ರ ಮಹಾಸಭೆಗೆ ಹೋಗಿದ್ದಾಗ ಮಹಾಯುದ್ಧವು ಆರಂಭವಾಗಲು, ಇಂಗ್ಲೆಂಡಿನಲ್ಲಿಯೇ ಉಳಿದರು. ಅಲ್ಲಿ ಸಿ. ಡಿ. ಡಾರ್ಲಿಂಗ್ಟನ್ ಎಂಬ ಆಂಗ್ಲ ವಿಜ್ಞಾನಿಯೊಡನೆ ಕೂಡಿ, ನಾನಾ ದೇಶಗಳ ವಿದ್ವಾಂಸರು ಬಿಡಿಬಿಡಿಯಾಗಿ ಪ್ರಕಟಿಸಿದ್ದ ಎಣಿಕೆಗಳನ್ನು ಒಂದೇ ಗ್ರಂಥದಲ್ಲಿ ಅಳವಡಿಸಿದರು. ಬೇಸಾಯದ ಸಸ್ಯಗಳ ಈ ವರ್ಣತಂತು ಕೋಶವು 1945 ರಲ್ಲಿ ಇಬ್ಬರ ಹೆಸರಿನಲ್ಲಿಯೂ ಹೊರಟಿತು. ಜಾನಕಿ ಅಮ್ಮಾಳರು 1951 ರಲ್ಲಿ ಸ್ವದೇಶಕ್ಕೆ ಮರಳಿದರು. ಗ್ರಂಥವನ್ನು ವಿಸ್ತರಿಸಿ 1955 ರಲ್ಲಿ ಎರಡನೆಯ ಸಾರಿ ಅಚ್ಚು ಹಾಕಿದಾಗ ಡಾರ್ಲಿಂಗ್ಟನ್ನರ ಜೊತೆಯಲ್ಲಿದ್ದುದು ವೈಲಿ ಎಂಬ ಬೇರೊಬ್ಬರ ಹೆಸರು.

ಇದರಲ್ಲಿ ತಪ್ಪು ಹುಡುಕುವದು ನನ್ನ ಉದ್ದೇಶವಲ್ಲ. ಹೊಸ ಮುದ್ರಣದ ದುಡಿಮೆಯೂ ದುಡಿಮೆಯೇ. ಆದರೂ ಆ ಬದಲಾವಣೆಯು ನನ್ನ ಮನಸ್ಸನ್ನು ಚುಚ್ಚುತ್ತದೆ. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಕೆಲವರು ಈಗ ಪರದೇಶದ ಪ್ರಯೋಗಶಾಲೆಗಳೊಡನೆ ಕೂಡಿ ಕೆಲಸ ಮಾಡುತ್ತಿದ್ದಾರೆ. ಅವರಿಗೆ ನಾನು ಹೇಳುವದೇನಂದರೆ, ಮಾದರಿಗಳನ್ನು ಕಳುಹಿಸುವದಕ್ಕೆ ಮುಂಚೆಯೇ ಯಾರು ಏನು ಮಾಡುವರು, ಬರಹದಲ್ಲಿ ಯಾರ ಹೆಸರು ಬರುವದು ಎಂಬದನ್ನು ಕಾಗದದ ಮೇಲೆ ಗೊತ್ತುಮಾಡಿಕೊಳ್ಳಿರಿ. ಹೀಗೆ ಕೇಳುವದು ಅಹಂಕಾರವೆಂದು ನಾವೇ ಹೆಣ್ಣುಮಕ್ಕಳಿಗೆ ಕಲಿಸಿಬಿಟ್ಟಿದ್ದೇವೆ; ಉಪಾಧ್ಯಾಯಿನಿಯರಾದ ನಮ್ಮ ತಪ್ಪೂ ಇದರಲ್ಲಿ ಉಂಟು.

ಪಟವನ್ನು ನಾಲ್ಕು ಹೆಸರುಗಳೊಡನೆ ತಿರುಗಿ ಬರೆಯಿಸಿದೆನು. ಮರುದಿನ, ಎಣಿಸಿಕೊಟ್ಟವರಲ್ಲೊಬ್ಬಳು ತಾನಾಗಿಯೇ ಬಂದು, ನುಗ್ಗೆಯ ಗಿಡ ಐದಲ್ಲ, ನಾಲ್ಕೇ ಎಂದು ತಿದ್ದಿ ಹೋದಳು.