ಗಂಡನ ಹಳೆಯ ಸಾಲಕ್ಕೆ ಹೆಂಡತಿಯ ಮನೆ ಯಾಕೆ ನಿಲ್ಲಬೇಕು?

ನಮ್ಮ ತಾಲ್ಲೂಕಿನ ಪ್ರೌಢಶಾಲಾ ಶಿಕ್ಷಕಿಯೊಬ್ಬರು ಮನೆ ಕಟ್ಟಲು ಸಾಲ ಕೇಳಿದರು. ನಿವೇಶನ ಅವರ ಹೆಸರಿನಲ್ಲಿದೆ. ಸರ್ಕಾರಿ ಸಂಬಳವಿದೆ. ಸಿಬಿಲ್ ಅಂಕ 780. ಬ್ಯಾಂಕಿನವರು ಮೊದಲು ಹೇಳಿದ್ದು, ‘ಮೇಡಂ, ಯಜಮಾನ್ರನ್ನೂ ಅರ್ಜಿಯಲ್ಲಿ ಸೇರಿಸಿ’ ಎಂದು. ಸೇರಿಸಿದರು. ಎರಡು ವಾರದ ಬಳಿಕ ಬಂದ ಉತ್ತರ: ‘ಯಜಮಾನ್ರ ಸಿಬಿಲ್ ಸರಿ ಇಲ್ಲ, ಆಗಲ್ಲ.’ ಗಂಡನನ್ನು ಕರೆಸಿದ್ದೂ ಬ್ಯಾಂಕೇ, ಗಂಡನ ನೆಪದಲ್ಲಿ ಬಾಗಿಲು ಹಾಕಿದ್ದೂ ಬ್ಯಾಂಕೇ.

ಆ ಗಂಡ ಮಾಡಿದ ತಪ್ಪೇನು? ಲಾಕ್‌ಡೌನ್‌ನಲ್ಲಿ ಬಟ್ಟೆ ಅಂಗಡಿ ಮುಚ್ಚಿತು, ಕಂತು ನಿಂತಿತು. ಆಮೇಲೆ ಲೋಕ ಅದಾಲತ್‌ನಲ್ಲಿ ರಾಜಿಯಾಗಿ, ಹೇಳಿದಷ್ಟು ಹಣ ಕಟ್ಟಿ ಸಾಲ ತೀರಿಸಿದರು. ಅದಾಲತ್ ಬಂದಾಗೆಲ್ಲ ‘ಬನ್ನಿ, ರಾಜಿ ಮಾಡಿಕೊಳ್ಳಿ’ ಎಂದು ನೋಟಿಸ್ ಕಳಿಸುವುದು ಇದೇ ಬ್ಯಾಂಕುಗಳು. ರಾಜಿಯಾದವನ ವರದಿಯಲ್ಲಿ ‘ಸೆಟಲ್ಡ್’ ಎಂಬ ಮುದ್ರೆ ಉಳಿಯುತ್ತದೆ ಎಂಬುದನ್ನು ಮಾತ್ರ ಅಲ್ಲಿ ಯಾರೂ ಬಿಡಿಸಿ ಹೇಳುವುದಿಲ್ಲ.

ಸಾಲದ ವರದಿ ಒಬ್ಬೊಬ್ಬರಿಗೆ ಬೇರೆ ಬೇರೆ. ಗಂಡ ಹೆಂಡತಿಗೆ ಸೇರಿಸಿ ಒಂದೇ ವರದಿ ಎಂಬುದು ಇಲ್ಲ. ಆಕೆ ಜಾಮೀನು ಹಾಕದ ಸಾಲಕ್ಕೆ ಆಕೆ ಹೊಣೆಯೂ ಅಲ್ಲ. ಮದುವೆಯ ಕರಾರು ಜಾಮೀನು ಪತ್ರವಲ್ಲ.

ಇನ್ನು ಆ ಗಂಡನ ವಿಷಯಕ್ಕೇ ಬರೋಣ. 2023ರ ಜೂನ್‌ನಲ್ಲಿ ಆರ್‌ಬಿಐ ತಂದ ಚೌಕಟ್ಟಿನ ಪ್ರಕಾರ, ರಾಜಿಯಾದ ಸಾಲಗಾರನಿಗೆ ಕೃಷಿಯೇತರ ಹೊಸ ಸಾಲ ಕೊಡುವ ಮುನ್ನ ಬ್ಯಾಂಕ್ ಕನಿಷ್ಠ 12 ತಿಂಗಳು ಕಾಯಬೇಕು. ಅದಕ್ಕಿಂತ ಎಷ್ಟು ಹೆಚ್ಚು ಎಂಬುದು ಆಯಾ ಬ್ಯಾಂಕಿನ ಆಡಳಿತ ಮಂಡಳಿಗೆ ಬಿಟ್ಟದ್ದು. ಕೌಂಟರಿನಲ್ಲಿ ಆ ಅವಧಿ ಎಷ್ಟೆಂದು ಕೇಳಿ ನೋಡಿ, ಉತ್ತರ ಸಿಗುವುದಿಲ್ಲ.

ಕಂಪನಿ ಮುಳುಗಿದರೆ 2016ರ ದಿವಾಳಿ ಸಂಹಿತೆ ಇದೆ. ಬ್ಯಾಂಕುಗಳು ಬಾಕಿಯಲ್ಲಿ ದೊಡ್ಡ ಪಾಲು ಬಿಟ್ಟುಕೊಡುತ್ತವೆ, ಕಂಪನಿ ಹೊಸ ಮಾಲೀಕರ ಕೈಯಲ್ಲಿ ಹೊಸದಾಗಿ ಶುರುವಾಗುತ್ತದೆ. ಅದೇ ಸಂಹಿತೆಯಲ್ಲಿ ಬಡವರಿಗೂ ‘ಹೊಸ ಆರಂಭ’ ಎಂಬ ಅಧ್ಯಾಯವಿದೆ: ವರ್ಷದ ಆದಾಯ 60,000 ರೂಪಾಯಿ, ಆಸ್ತಿ 20,000, ಸಾಲ 35,000 ಮೀರದವರಿಗೆ ಋಣಮುಕ್ತಿ. ಅದು ಇನ್ನೂ ಜಾರಿಯಾಗಿಲ್ಲ. ಜಿಲ್ಲೆಗಳಲ್ಲಿ ಸಾಮಾನ್ಯ ಮನುಷ್ಯನ ದಿವಾಳಿಗೆ ಇಂದಿಗೂ 1920ರ ಬ್ರಿಟಿಷರ ಕಾಯ್ದೆಯೇ ಗತಿ.

‘ಇಪ್ಪತ್ತು ವರ್ಷದ ಸಾಲ, ಮನೆಯ ಖರ್ಚು ಒಂದೇ, ನಾವು ಎಚ್ಚರ ವಹಿಸಬೇಡವೇ?’ ಎನ್ನುತ್ತಾರೆ ಬ್ಯಾಂಕಿನವರು. ವಹಿಸಲಿ. ಗಂಡನಿಗೆ ಈಗಲೂ ಕಟ್ಟುವ ಕಂತಿದ್ದರೆ ಅದನ್ನು ಲೆಕ್ಕ ಹಿಡಿದು ಸಾಲದ ಮೊತ್ತ ತಗ್ಗಿಸಲಿ. ಆದರೆ ತೀರಿದ ಸಾಲಕ್ಕೆ ಕಂತಿಲ್ಲ. ಆಕೆಯ ಸಂಬಳವಿದೆ, ಅಡಮಾನಕ್ಕೆ ಮನೆಯೇ ಇದೆ. ಇನ್ನೇನು ಭದ್ರತೆ ಬೇಕು?

ಹೆಂಗಸರ ಹೆಸರಲ್ಲಿ ಆಸ್ತಿ ಇರಲಿ ಎಂದು ಸರ್ಕಾರ ಹೇಳುತ್ತದೆ. ಆವಾಸ್ ಯೋಜನೆಯ ಮನೆಯನ್ನೂ ಮನೆಯೊಡತಿಯ ಹೆಸರಿಗೆ ಮಾಡಿಸುತ್ತದೆ. ಸ್ವಂತ ದುಡಿಮೆಯ ಹೆಂಗಸು ಬ್ಯಾಂಕಿಗೆ ಹೋದರೆ ಮಾತ್ರ ಆಕೆ ಇಂಥವರ ಹೆಂಡತಿ ಆಗಿಬಿಡುತ್ತಾಳೆ.

ಆದ್ದರಿಂದ ನಮ್ಮ ಬೇಡಿಕೆ ಇಷ್ಟು. ಸಂಬಳವೂ ನಿವೇಶನವೂ ಆಕೆಯದೇ ಆಗಿದ್ದರೆ ಆಕೆಯೊಬ್ಬಳ ಅರ್ಜಿಯನ್ನೇ ಪರಿಗಣಿಸಬೇಕು. ರಾಜಿಯ ನಂತರ ಎಷ್ಟು ಕಾಯಬೇಕೆಂದು ಪ್ರತಿ ಶಾಖೆಯ ಫಲಕದಲ್ಲಿ ಬರೆಯಬೇಕು. ಬಡವರ ‘ಹೊಸ ಆರಂಭ’ದ ಅಧ್ಯಾಯವನ್ನು ಕೇಂದ್ರ ಸರ್ಕಾರ ಜಾರಿಗೆ ತರಬೇಕು.

ಅಲ್ಲಿಯವರೆಗೆ, ಅರ್ಜಿ ತಿರಸ್ಕಾರವಾದವರು ಬಾಯಿಮಾತಿಗೆ ಎದ್ದು ಬರಬೇಡಿ. ಯಾವ ಮೊತ್ತದ ಸಾಲವಾದರೂ ನಿರಾಕರಿಸಿದ ಕಾರಣವನ್ನು ಲಿಖಿತವಾಗಿ ಕೊಡಬೇಕೆಂದು ಆರ್‌ಬಿಐ 2007ರಲ್ಲೇ ಹೇಳಿದೆ. ಆ ಶಿಕ್ಷಕಿಗೆ ಈವರೆಗೆ ಒಂದು ಸಾಲಿನ ಕಾಗದವೂ ಬಂದಿಲ್ಲ. ‘ನಿಮ್ಮ ಗಂಡನ ಕಾರಣಕ್ಕೆ’ ಎಂದು ಸಹಿ ಹಾಕಿ ಬರೆದುಕೊಡಲಿ, ನೋಡೋಣ.