ಅಕ್ಷರಕ್ಕೆ ಬಣ್ಣ ಬಂದದ್ದು ಹೇಗೆ?

ಶಾಲಾ ವಾರ್ಷಿಕೋತ್ಸವದ ನಾಟಕದಲ್ಲಿ ಆಗಾಗ್ಗೆ ಒಂದು ತಮಾಷೆ ನಡೆಯುವುದುಂಟು. ಪುಸ್ತಕದಲ್ಲಿ 'ರಾಜ: (ಕೋಪದಿಂದ) ಯಾರಲ್ಲಿ?' ಎಂದು ಅಚ್ಚಾಗಿರುತ್ತದೆ. ಗಾಬರಿಗೊಂಡ ಹುಡುಗ 'ಕೋಪದಿಂದ ಯಾರಲ್ಲಿ' ಎಂದು ಒಂದೇ ಉಸಿರಿನಲ್ಲಿ ಹೇಳಿಬಿಡುತ್ತಾನೆ. ಸಭೆಯೆಲ್ಲ ನಗುತ್ತದೆ. ಆವರಣದೊಳಗಿನ ಮಾತು ನಟನಿಗೆ ಕೊಟ್ಟ ಸೂಚನೆ, ಪ್ರೇಕ್ಷಕರಿಗೆ ಕೇಳಿಸಬೇಕಾದದ್ದಲ್ಲ. ಕಂಪ್ಯೂಟರ್ ಪರದೆಯ ಮೇಲೆ ಬಣ್ಣದ ಅಕ್ಷರ ಮೂಡುವುದು ಇಂಥದೇ ಸೂಚನೆಗಳಿಂದ.

ಚಿತ್ರವೇ ಇಲ್ಲದೆ, ಬರೀ ಬರಹದಿಂದ ಹಲವರು ಕೂಡಿ ಆಡುವ ಕಂಪ್ಯೂಟರ್ ಆಟಗಳಿವೆ. ಇವಕ್ಕೆ 'ಮಡ್' ಎಂದು ಹೆಸರು. 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ರಾಯ್ ಟ್ರಬ್‌ಷಾ ಆ ಹೆಸರಿನ ಆಟವನ್ನು ಬರೆಯತೊಡಗಿದರು. ಅಲ್ಲಿಯೇ ಓದುತ್ತಿದ್ದ ರಿಚರ್ಡ್ ಬಾರ್ಟಲ್ ಅದನ್ನು ಮುಂದುವರಿಸಿದರು. ಆಟಗಾರ 'ಉತ್ತರಕ್ಕೆ ಹೋಗು' ಎಂಬರ್ಥದ ಪದ ಬೆರಳಚ್ಚಿಸಿದರೆ, ಅಲ್ಲಿರುವ ಕೋಣೆಯ ವರ್ಣನೆ ಪರದೆಯ ಮೇಲೆ ಬರುತ್ತದೆ. ಒಬ್ಬ ವರ್ತಕನಾಗಿ, ಇನ್ನೊಬ್ಬ ಯೋಧನಾಗಿ ಪಾತ್ರ ವಹಿಸಿ ಮಾತನಾಡುತ್ತಾರೆ. ಇಂದಿಗೂ ಇಂಥ ಆಟಗಳನ್ನು ಆಡುವವರಿದ್ದಾರೆ.

ಪರದೆಯ ತುಂಬ ಒಂದೇ ಬಣ್ಣದ ಅಕ್ಷರಗಳಿದ್ದರೆ ಮಾತು ಯಾವುದು, ವರ್ಣನೆ ಯಾವುದು, ಅಪಾಯದ ಎಚ್ಚರಿಕೆ ಯಾವುದು ಎಂದು ತಟ್ಟನೆ ತಿಳಿಯದು. ಅದಕ್ಕಾಗಿ ಬಣ್ಣ ಬಂತು. ಆದರೆ ದೂರದ ಕಂಪ್ಯೂಟರ್ ಬಣ್ಣವನ್ನು ಕಳುಹಿಸುವುದಿಲ್ಲ. ಅದು ಕಳುಹಿಸುವುದು ಸಂಕೇತಗಳನ್ನು ಮಾತ್ರ. ಆಸ್ಕಿ ಪಟ್ಟಿಯಲ್ಲಿ 27ನೆಯದಾದ 'ಎಸ್ಕೇಪ್' ಎಂಬ ಕಣ್ಣಿಗೆ ಕಾಣದ ಸಂಕೇತ, ಬಳಿಕ [ ಚಿಹ್ನೆ, ಒಂದು ಸಂಖ್ಯೆ, ಕೊನೆಗೆ ಇಂಗ್ಲಿಷಿನ 'ಎಂ' ಅಕ್ಷರ. ಸಂಖ್ಯೆ 31 ಆದರೆ ಮುಂದಿನ ಅಕ್ಷರಗಳು ಕೆಂಪು. 0 ಆದರೆ ಮೊದಲಿನಂತೆ. ಈ ಬಗೆಯ ಸೂಚನೆಗಳಿಗೆ ಅಮೆರಿಕದ ಮಾನಕ ಸಂಸ್ಥೆ 'ಆನ್ಸಿ' 1979ರಲ್ಲಿ ಒಂದು ಮಾನಕವನ್ನು ಗೊತ್ತುಮಾಡಿದ್ದರಿಂದ ಇವಕ್ಕೆ ಆನ್ಸಿ ಸಂಕೇತಗಳೆಂದೇ ಹೆಸರಾಯಿತು. ಸೂಚನೆ ಅರ್ಥವಾಗದ ತಂತ್ರಾಂಶವಾದರೆ ನಾಟಕದ ಹುಡುಗನಂತೆ ಅದನ್ನೂ ಪರದೆಯ ಮೇಲೆ ಬರೆದುಬಿಡುತ್ತದೆ!

30ರಿಂದ 37ರವರೆಗಿನ ಈ ಸಂಖ್ಯೆಗಳಲ್ಲಿ ಒಂದು ಸೊಗಸಾದ ಲೆಕ್ಕವಿದೆ. 30 ಕಪ್ಪು, ಅಂದರೆ ಬೆಳಕೇ ಇಲ್ಲ. ಅದಕ್ಕೆ ಕೆಂಪಿಗಾಗಿ 1, ಹಸಿರಿಗಾಗಿ 2, ನೀಲಿಗಾಗಿ 4 ಕೂಡಿಸಿ. 31 ಕೆಂಪು, 32 ಹಸಿರು, 34 ನೀಲಿ. ಕೆಂಪು ಹಸಿರು ಸೇರಿದರೆ 33, ಅದು ಹಳದಿ. ಕೆಂಪು ನೀಲಿ ಸೇರಿದರೆ 35, ಮಜೆಂಟಾ. ಹಸಿರು ನೀಲಿ ಸೇರಿದರೆ 36, ಸಯಾನ್. ಮೂರೂ ಸೇರಿದರೆ 37, ಬಿಳಿ. ಕೆಂಪು ಹಸಿರು ಸೇರಿ ಹಳದಿಯೇ ಎಂದು ಚಿತ್ರ ಬರೆಯುವ ಮಕ್ಕಳು ಹುಬ್ಬೇರಿಸಬಹುದು. ಅಲ್ಲಿ ಬೆರೆಯುವುದು ಬಣ್ಣದ ಪುಡಿ, ಇಲ್ಲಿ ಬೆರೆಯುವುದು ಬೆಳಕು. ಎರಡು ಟಾರ್ಚುಗಳಿಗೆ ಕೆಂಪು, ಹಸಿರು ಜಿಲೆಟಿನ್ ಕಾಗದ ಕಟ್ಟಿ, ಕತ್ತಲ ಕೋಣೆಯಲ್ಲಿ ಬಿಳಿ ಗೋಡೆಯ ಮೇಲೆ ಒಂದೇ ಕಡೆ ಹಾಯಿಸಿ ನೋಡಿ. ಕೂಡಿದ ಜಾಗ ಹಳದಿಯಾಗಿ ಕಾಣುತ್ತದೆ.

ಹೊಸ ತಂತ್ರಾಂಶಗಳಲ್ಲಿ ಮೂರೂ ಬೆಳಕಿಗೆ 256 ಮಟ್ಟಗಳಿದ್ದು, ಒಟ್ಟು 1,67,77,216 ಬಣ್ಣಗಳನ್ನು ಸೂಚಿಸಬಹುದು. ಆಟಗಾರರಿಗೆ ಸುಲಭವಾಗಲೆಂದು ಕಿರುಸಂಕೇತಗಳೂ ಇವೆ. ಉದಾಹರಣೆಗೆ, 'ಎವೆನ್ನಿಯಾ' ಎಂಬ ತಂತ್ರಾಂಶದಲ್ಲಿ ಒಂದು ಲಂಬ ಗೆರೆಯ ಪಕ್ಕದಲ್ಲಿ ಇಂಗ್ಲಿಷಿನ ಸಣ್ಣ 'ಆರ್' ಬರೆದರೆ ಕೆಂಪು, ಸಣ್ಣ 'ಎನ್' ಬರೆದರೆ ಮೂಲಬಣ್ಣ.

ಕಲಿಯುವವರು ಎಡವುವುದು ಸಾಮಾನ್ಯವಾಗಿ ಮೂರು ಕಡೆ. ಮೊದಲನೆಯದು, ಕೊನೆಯಲ್ಲಿ ಮೂಲಬಣ್ಣದ ಸೂಚನೆ ಕೊಡಲು ಮರೆಯುವುದು. ಆಗ ಮುಂದಿನ ಸಾಲುಗಳಿಗೂ ಕೆಂಪು ಹರಿಯುತ್ತದೆ, ತೆರೆದಿಟ್ಟ ನಲ್ಲಿಯಂತೆ. ಎರಡನೆಯದು, ಕಾಣದ ಸಂಕೇತಗಳನ್ನು ಎಣಿಕೆಯಲ್ಲಿ ಮರೆಯುವುದು. ಇಂಗ್ಲಿಷಿನ 'ಡ್ರ್ಯಾಗನ್' ಪದಕ್ಕೆ ಆರೇ ಅಕ್ಷರ. ಕೆಂಪಿನ ಸೂಚನೆಗೆ 5, ಮೂಲಬಣ್ಣಕ್ಕೆ 4 ಸೇರಿ ಕಂಪ್ಯೂಟರಿನ ಎಣಿಕೆಯಲ್ಲಿ ಅದು 15. ಇದನ್ನು ಕಳೆಯದಿದ್ದರೆ ನೆಟ್ಟಗಿರಬೇಕಾದ ಪಟ್ಟಿ ಸೊಟ್ಟಗಾಗುತ್ತದೆ.

ಮೂರನೆಯದು ಎಲ್ಲಕ್ಕಿಂತ ದೊಡ್ಡ ತಪ್ಪು: ಅರ್ಥವನ್ನು ಬಣ್ಣಕ್ಕೇ ವಹಿಸಿಬಿಡುವುದು. 'ಮೇಜಿನ ಮೇಲೆ ಎರಡು ಶೀಷೆಗಳಿವೆ' ಎಂದು ಬರೆದು, ಮದ್ದಿನ ಶೀಷೆಗೆ ಹಸಿರು, ವಿಷದ ಶೀಷೆಗೆ ಕೆಂಪು ಅಕ್ಷರ ಕೊಟ್ಟರೆನ್ನಿ. ಉತ್ತರ ಯೂರೋಪು ಮೂಲದ ಗಂಡಸರಲ್ಲಿ ನೂರಕ್ಕೆ ಸುಮಾರು 8 ಮಂದಿಗೆ ಕೆಂಪು, ಹಸಿರುಗಳ ಭೇದ ಸರಿಯಾಗಿ ತಿಳಿಯದು. ನಮ್ಮ ತರಗತಿಗಳಲ್ಲೂ ಅಂಥ ಮಕ್ಕಳಿರುತ್ತಾರೆ. ಎಷ್ಟೋ ವೇಳೆ ತಂದೆತಾಯಿಗೂ ಗೊತ್ತಿರುವುದಿಲ್ಲ. ಚಿತ್ರವಿಲ್ಲದ ಆಟವಾದ್ದರಿಂದ ಅಂಧರೂ ಇದನ್ನು ಆಡುತ್ತಾರೆ; ಪರದೆಯ ಬರಹವನ್ನು ಓದಿ ಹೇಳುವ ತಂತ್ರಾಂಶ ಅವರಿಗೆ ನೆರವಾಗುತ್ತದೆ. ಉಳಿದವರ ಸರಿಸಮವಾಗಿ ಆಡಬಲ್ಲ ಅವರನ್ನು, ಬಣ್ಣದಲ್ಲಿ ಅಡಗಿಸಿದ ಒಂದು ಗುಟ್ಟು ಹೊರಗೆ ನಿಲ್ಲಿಸಿಬಿಡುತ್ತದೆ. 'ಕಹಿ ವಾಸನೆಯ ಶೀಷೆ' ಎಂದು ಒಂದು ಮಾತು ಸೇರಿಸಿದ್ದರೆ ಸಾಕಿತ್ತು.

ಆದ್ದರಿಂದ ಬರೆದವರು ಒಂದು ಪರೀಕ್ಷೆ ಮಾಡಿಕೊಳ್ಳಬೇಕು. ಬಣ್ಣವನ್ನೆಲ್ಲ ನಿಲ್ಲಿಸುವ ಸೌಲಭ್ಯ ಇಂಥ ಹಲವು ಆಟಗಳಲ್ಲಿದೆ. ನಿಲ್ಲಿಸಿ, ಬರೆದದ್ದನ್ನು ಮತ್ತೊಮ್ಮೆ ಓದಿ. ಅರ್ಥ ಉಳಿದಿದ್ದರೆ ಬಣ್ಣ ಹಚ್ಚಲು ಅಡ್ಡಿಯಿಲ್ಲ. ಉಳಿಯದಿದ್ದರೆ ತಿದ್ದಬೇಕಾದದ್ದು ಬಣ್ಣವನ್ನಲ್ಲ, ವಾಕ್ಯವನ್ನು.